ತೆನೆ ಮನೆಗೆ ಬರುವ ದಿನ: ಕರಾವಳಿ ಕ್ರೈಸ್ತರ ಕೃತಜ್ಞತೆಯ ಪಾಠ

ಸೆಪ್ಟೆಂಬರ್ 8 ಕ್ಯಾಥೊಲಿಕ್ ಧರ್ಮಸಭೆಗೆ ಕನ್ಯಾ ಮರಿಯಮ್ಮನವರ ಜನ್ಮದಿನ. ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳ ಕೊಂಕಣಿ ಕ್ಯಾಥೊಲಿಕರು ಇದೇ ದಿನವನ್ನು 'ಮೊಂತಿ ಫೆಸ್ತ್' ಎಂದು ಆಚರಿಸುತ್ತಾರೆ. ನೆರೆಹೊರೆಯವರಿಗೆ ಇದು ತೆನೆ ಹಬ್ಬ. ಧರ್ಮಶ್ರದ್ಧೆಯು ದೇವಾಲಯದ ಬಾಗಿಲು ದಾಟಿ ಊಟದ ಎಲೆಯವರೆಗೆ ಬರುವುದು ಹೇಗೆ ಎಂಬುದಕ್ಕೆ ಈ ಹಬ್ಬ ಒಂದು ನಿದರ್ಶನ.

'ಮೊಂತಿ' ಎಂಬ ಪದದ ಮೂಲ ಪೋರ್ಚುಗೀಸ್ ಭಾಷೆಯ 'ಮೊಂತೆ', ಅಂದರೆ ಬೆಟ್ಟ. ಬಂಟ್ವಾಳ ತಾಲ್ಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚ್‌ನಲ್ಲಿ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ ಅವರು 18ನೇ ಶತಮಾನದಲ್ಲಿ ಈ ಆಚರಣೆಯನ್ನು ಆರಂಭಿಸಿದರು ಎಂಬ ಪ್ರತೀತಿ ಇದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಈ ಸಮುದಾಯದ ಪೈಕಿ ಬದುಕುಳಿದವರು 1799ರ ಬಳಿಕ ಊರಿಗೆ ಮರಳಿ, ಕೃಷಿ ಹಾಗೂ ಚರ್ಚ್‌ಗಳನ್ನು ಪುನಃ ಕಟ್ಟಿಕೊಂಡರು. ಎಲ್ಲವನ್ನೂ ಕಳೆದುಕೊಂಡು ಬಂದವರ ಮನೆಗಳಲ್ಲಿ ಹೊಸ ಅಕ್ಕಿಯ ಮೊದಲ ತುತ್ತಿಗೆ ಎಂಥ ಅರ್ಥವಿದ್ದೀತೆಂದು ಊಹಿಸಬಹುದು.

ಹೂವಿನಿಂದ ತೆನೆಗೆ

ಹಬ್ಬಕ್ಕೆ ಮುನ್ನ ಒಂಬತ್ತು ದಿನಗಳ ಕಾಲ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ಪ್ರತಿದಿನ ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಭತ್ತದ ತೆನೆಗಳನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಚರ್ಚ್‌ಗೆ ತರುತ್ತಾರೆ. ಬಲಿಪೂಜೆಯ ಬಳಿಕ ಪ್ರತಿ ಕುಟುಂಬಕ್ಕೂ ತೆನೆ ಹಂಚಲಾಗುತ್ತದೆ. ಹೂ ತಂದ ಮಕ್ಕಳಿಗೆ ಕಬ್ಬು ಸಿಗುತ್ತದೆ.

ಮನೆಯಲ್ಲಿ ಪ್ರಾರ್ಥನೆಯ ನಂತರ ಹಿರಿಯರು ಹೊಸ ಅಕ್ಕಿಯ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಎಲ್ಲರಿಗೂ ನೀಡುತ್ತಾರೆ. ಅಂದಿನ ಊಟ ಸಸ್ಯಾಹಾರ, ಬಾಳೆಎಲೆಯ ಮೇಲೆ. ಕೆಸು, ಹರಿವೆ, ಬೆಂಡೆ, ಸೌತೆಯಂತಹ ಮಳೆಗಾಲದ ತರಕಾರಿಗಳ ಪಲ್ಯಗಳನ್ನು ಬೆಸ ಸಂಖ್ಯೆಯಲ್ಲಿ ಮಾಡುವುದು ವಾಡಿಕೆ. ದೂರದೂರಿನಲ್ಲಿರುವ ಮಕ್ಕಳಿಗೆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ಪದ್ಧತಿಯೂ ಉಂಟು. ತುಳುವರ ಪುದ್ವಾರ್ ಮತ್ತು ಕೊಡಗಿನ ಹುತ್ತರಿಯನ್ನು ಬಲ್ಲವರಿಗೆ ಈ ಆಚರಣೆ ಅಪರಿಚಿತವೆನಿಸದು.

ಬೈಬಲ್‌ನ ಹಿನ್ನೆಲೆ

ಪ್ರಥಮ ಫಲವನ್ನು ದೇವರಿಗೆ ಅರ್ಪಿಸುವ ಪರಿಕಲ್ಪನೆ ಬೈಬಲ್‌ನಷ್ಟೇ ಹಳೆಯದು. ಧರ್ಮೋಪದೇಶಕಾಂಡದ 26ನೇ ಅಧ್ಯಾಯವು ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತಂದು ಒಪ್ಪಿಸಬೇಕೆಂದು ವಿಧಿಸುತ್ತದೆ. ಅರ್ಪಿಸುವಾತನು ತನ್ನ ಪೂರ್ವಜರು ಪಟ್ಟ ದಾಸ್ಯವನ್ನು ನೆನೆಯಬೇಕು, ಆ ಸಂತೋಷದಲ್ಲಿ ಪರದೇಶಿಗೂ ಪಾಲು ಕೊಡಬೇಕು. ಅಂದರೆ ನೋವಿನ ನೆನಪು ಹಾಗೂ ಹಂಚಿಕೆ ಎರಡೂ ಇಲ್ಲಿ ಕೃತಜ್ಞತೆಯ ಅಂಗಗಳು. ಬಲಿಪೂಜೆಯನ್ನು ಸೂಚಿಸುವ 'ಯೂಕರಿಸ್ತ್' ಪದಕ್ಕೂ ಗ್ರೀಕ್ ಮೂಲದಲ್ಲಿ ಕೃತಜ್ಞತೆ ಸಲ್ಲಿಸುವುದು ಎಂದೇ ಅರ್ಥ. ಪ್ರೊಟೆಸ್ಟಂಟ್ ಸಭೆಗಳು ನಡೆಸುವ ಬೆಳೆ ಹಬ್ಬದಲ್ಲಿ ಭಕ್ತರು ತಂದ ತರಕಾರಿ, ಹಣ್ಣು, ತೆಂಗಿನಕಾಯಿಗಳನ್ನು ಹರಾಜು ಹಾಕಲಾಗುತ್ತದೆ. ಒಂದು ಕುಂಬಳಕಾಯಿಗೆ ಪೇಟೆಯ ದರಕ್ಕಿಂತ ಹಲವು ಪಟ್ಟು ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ.

ವರ್ಷದ ಉಳಿದ ದಿನಗಳಲ್ಲಿ ಈ ಮನೋಭಾವವನ್ನು ಕಾಯುವುದು ಸಣ್ಣ ಪುಟ್ಟ ರೂಢಿಗಳು: ಊಟಕ್ಕೆ ಮುನ್ನ ಶಿಲುಬೆಯ ಗುರುತು, ಸಂಜೆ ಕುಟುಂಬದ ಜಪಸರ ಪ್ರಾರ್ಥನೆ, ಅದು ಮುಗಿದೊಡನೆ ಕಿರಿಯರು ಹಿರಿಯರಿಂದ 'ಬೆಸಾಂವ್' ಅಂದರೆ ಆಶೀರ್ವಾದ ಬೇಡುವುದು.

ಗದ್ದೆಯೇ ಇಲ್ಲದಾಗ

ಪ್ರಶ್ನೆ ಉಳಿದಿರುವುದು ಇಲ್ಲಿಯೇ. ಕರಾವಳಿಯ ಅನೇಕ ಭತ್ತದ ಗದ್ದೆಗಳು ಇಂದು ಅಡಿಕೆ ತೋಟ ಅಥವಾ ಬಡಾವಣೆಗಳಾಗಿವೆ, ಕೆಲವು ಹಡಿಲು ಬಿದ್ದಿವೆ. ಬೆಂಗಳೂರು, ಮುಂಬೈ, ಗಲ್ಫ್ ದೇಶಗಳಲ್ಲಿ ನೆಲೆಸಿದವರೂ ಹಬ್ಬ ಆಚರಿಸುತ್ತಾರೆ, ಆದರೆ ತೆನೆಯನ್ನು ಹೊರಗಿನಿಂದ ತರಿಸಬೇಕಾಗುತ್ತದೆ. ತಾವು ಬೆಳೆಯದ ಬೆಳೆಗೆ ಕೃತಜ್ಞತೆ ಸಲ್ಲಿಸುವುದು ಬರಿಯ ಸಂಪ್ರದಾಯವಾಗದೇ?

ಆಗಬೇಕಿಲ್ಲ. ಸ್ವಂತ ಗದ್ದೆ ಇದ್ದಾಗ ಮಳೆಗೆ ಮತ್ತು ಮಣ್ಣಿಗೆ ಋಣಿಯಾಗಿದ್ದ ಮನೆ, ಈಗ ನಾಟಿ ಮಾಡಿದ ಅಪರಿಚಿತ ಕೂಲಿಕಾರರಿಗೂ ಋಣಿಯಾಗಿದೆ. ಪರದೇಶಿಗೆ ಪಾಲು ಕೊಡಬೇಕೆಂಬ ಹಳೆಯ ವಿಧಿ ಇಲ್ಲಿ ಹೊಸ ಅರ್ಥ ಪಡೆಯುತ್ತದೆ. ಕೆಲವೆಡೆ ಚರ್ಚ್‌ನ ಯುವಜನರು ಹಡಿಲು ಗದ್ದೆಗಳಿಗೆ ಇಳಿದು ನಾಟಿ ಮಾಡಿರುವುದು ಗಮನಾರ್ಹ. ಕೆಸರಿನಲ್ಲಿ ಒಂದು ದಿನ ಬೆನ್ನು ಬಗ್ಗಿಸಿದವರಿಗೆ ತಟ್ಟೆಯಲ್ಲಿ ಅನ್ನ ಬಿಡುವುದು ಸುಲಭವಲ್ಲ.