ಕೋಚ್ ಇರಲೋ, ಹೋಗಲೋ? ನಾಗಪುರದ ಒಂದು ಮೈದಾನದಲ್ಲಿ

ನಾಗಪುರದ ಸಿವಿಲ್ ಲೈನ್ಸ್‌ನಿಂದ ಆಟೊ ಹತ್ತಿದರೆ, ಬಾಡಿಗೆಯ ಚೌಕಾಸಿ ಮುಗಿಯುವಷ್ಟರಲ್ಲಿ ಈ ಮೈದಾನ ಬಂದುಬಿಡುತ್ತದೆ. ಹೆಸರು ಬರೆಯುವುದಿಲ್ಲ. ಇಲ್ಲಿ ಆಡುವ ಕ್ಲಬ್ಬಿನ ಹೆಸರನ್ನೂ ಬರೆಯುವುದಿಲ್ಲ. ಮಾತಿಗೆ ಸಿಕ್ಕವರೆಲ್ಲ ಮೊದಲು ಕೇಳಿದ್ದು "ಹೆಸರು ಪೇಪರಿನಲ್ಲಿ ಬರುತ್ತದಾ?" ಎಂದು. ಬರುವುದಿಲ್ಲ ಎಂದ ಮೇಲೇ ಬಾಯಿ ಬಿಟ್ಟರು. ಕ್ಲಬ್ಬು ಈ ಸೀಸನ್ನಿನಲ್ಲಿ ಸೋಲುತ್ತಲೇ ಇದೆ. ಕೋಚ್‌ನನ್ನು ಇಟ್ಟುಕೊಳ್ಳಬೇಕೋ, ಕಳಿಸಬೇಕೋ ಎಂಬ ಚರ್ಚೆ ಮೈದಾನದ ಮೂಲೆಮೂಲೆಯಲ್ಲೂ ನಡೆದಿದೆ. ಗೇಟಿನಿಂದ ನೆಟ್ಸ್‌ವರೆಗೆ ಆ ಚರ್ಚೆಯ ಬೆನ್ನು ಹಿಡಿದೇ ನಡೆದೆ.

ಗೇಟಿನ ಹೊರಗೆ ಪೋಹಾ ಗಾಡಿ. ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಸುರಿದು ಕೊಡುತ್ತಾರೆ. ತರ್ರಿ ಪೋಹಾ. ಡಿಸೆಂಬರಿನ ಚಳಿಗೆ ಮೂಗು ಸೋರುವಷ್ಟು ಖಾರ. ಗಾಡಿಯ ಸುತ್ತ ಮಂಕಿ ಕ್ಯಾಪ್ ಹಾಕಿಕೊಂಡ ಗಂಡಸರು ನಿಂತಿದ್ದರು. ಅರ್ಧ ಹಿಂದಿ, ಅರ್ಧ ಮರಾಠಿ. ಇಲ್ಲಿ ಎರಡು ಮತವೇ ಇರಲಿಲ್ಲ: ಕೋಚ್ ಹೋಗಬೇಕು, ಇವತ್ತೇ ಹೋಗಬೇಕು. "ಹುಡುಗರಿಗೆ ಹೆದರಿಕೆಯೇ ಇಲ್ಲ ಭಾವೂ, ಹೆದರಿಸುವವನು ಬೇಕು" ಎಂದರು ಒಬ್ಬರು. ಯಾವ ಪಂದ್ಯದಲ್ಲಿ ಏನು ತಪ್ಪಾಯಿತು ಎಂದು ಕೇಳಿದೆ. ಉತ್ತರ ಸ್ಪಷ್ಟವಾಗಿ ಬರಲಿಲ್ಲ. ಅವರಲ್ಲಿ ಎಷ್ಟು ಜನ ಪಂದ್ಯ ನೋಡಿದ್ದರು ಎಂಬುದರ ಬಗ್ಗೆಯೂ ನನಗೆ ಅನುಮಾನವಿದೆ.

ಯಾವ ಊರು ಎಂದು ಕೇಳಿದರು. ಬೆಂಗಳೂರು ಎಂದೆ. ಗಾಡಿಯವನು ಸೌಟು ಎತ್ತಿ ಹಿಡಿದು "ಐದು ರನ್!" ಎಂದು ಕೂಗಿದ. ಎಲ್ಲರೂ ನಕ್ಕರು. ಕರ್ನಾಟಕದವರಿಗೆ ಇಲ್ಲಿ ಸಿಗುವ ಸ್ವಾಗತ ಇದು. 2017ರ ಡಿಸೆಂಬರ್, ಕೋಲ್ಕತ್ತದ ಈಡನ್ ಗಾರ್ಡನ್ಸ್, ರಣಜಿ ಸೆಮಿಫೈನಲ್. ಈ ಊರಿನವರ ತಂಡ ವಿದರ್ಭ ಮೊದಲ ಇನಿಂಗ್ಸ್‌ನಲ್ಲಿ 185ಕ್ಕೆ ಆಲೌಟ್. ಕರುಣ್ ನಾಯರ್ ಹೊಡೆದ 153ರ ಬಲದಿಂದ ಕರ್ನಾಟಕ 301. ಆಮೇಲೆ ವಿದರ್ಭ 313 ಮಾಡಿತು, ನಮಗೆ ಬೇಕಾಗಿದ್ದು 198. ನಾಲ್ಕನೇ ದಿನದ ಕೊನೆಗೆ ನಮ್ಮದು ಏಳು ವಿಕೆಟ್ಟಿಗೆ 111. ಮರುದಿನ ಬೆಳಗ್ಗೆ ವಿನಯ್ ಕುಮಾರ್, ಮಿಥುನ್, ಶ್ರೇಯಸ್ ಗೋಪಾಲ್ ಎಳೆದು ಎಳೆದು ದಡದ ಹತ್ತಿರ ತಂದರು. 192ಕ್ಕೆ ಮುಗಿಯಿತು, ಐದು ರನ್ನಿನ ಸೋಲು. ರಜನೀಶ್ ಗುರ್ಬಾನಿ ಎಂಬ ಹುಡುಗ ಆ ಪಂದ್ಯದಲ್ಲಿ 12 ವಿಕೆಟ್ ಕಿತ್ತ. ಮುಂದಿನ ವಾರ ಇಂದೋರಿನ ಫೈನಲ್‌ನಲ್ಲಿ ದೆಹಲಿಯ ವಿರುದ್ಧ ಹ್ಯಾಟ್ರಿಕ್ಕನ್ನೂ ತೆಗೆದ. 1957-58ರಲ್ಲಿ ರಣಜಿಗೆ ಕಾಲಿಟ್ಟ ವಿದರ್ಭ, ಅರವತ್ತು ವರ್ಷಗಳ ಬಳಿಕ ಮೊದಲ ಬಾರಿ ಫೈನಲ್ ತಲುಪಿ, ಅದೇ ಏಟಿಗೆ ಕಪ್ಪನ್ನೂ ಎತ್ತಿತು.

ಗಾಡಿಯ ಸುತ್ತ ನಿಂತವರ ವಾದಕ್ಕೆ ಇದೇ ಆಧಾರ. ಆ ವರ್ಷ ವಿದರ್ಭಕ್ಕೆ ಹೊಸ ಕೋಚ್ ಬಂದಿದ್ದರು, ಚಂದ್ರಕಾಂತ್ ಪಂಡಿತ್. ಕಟ್ಟುನಿಟ್ಟಿಗೆ ಹೆಸರಾದವರು. ಬಂದ ವರ್ಷವೇ ಕಪ್, ಮರುವರ್ಷ 2018-19ರಲ್ಲಿ ಇಲ್ಲೇ ನಾಗಪುರದ ಜಾಮಠಾ ಕ್ರೀಡಾಂಗಣದಲ್ಲಿ ಸೌರಾಷ್ಟ್ರವನ್ನು ಸೋಲಿಸಿ ಮತ್ತೊಂದು ಕಪ್. "ಕೋಚ್ ಬದಲಾದ, ಹಣೆಬರಹ ಬದಲಾಯಿತು. ಇನ್ನೇನು ಸಾಕ್ಷಿ ಬೇಕು?" ಎಂದರು ಮಂಕಿ ಕ್ಯಾಪಿನವರು. ಪ್ಲೇಟ್ ಇಟ್ಟು ಒಳಗೆ ಹೋದೆ.

ಗೇಟು ದಾಟಿದರೆ ಎಡಕ್ಕೆ ಸೂಚನಾ ಫಲಕ. ತಿಂಗಳ ಶುಲ್ಕ, ಪಂದ್ಯಗಳ ಪಟ್ಟಿ, ಬಿಳಿ ಬಟ್ಟೆ ಕಡ್ಡಾಯ ಎಂಬ ಸೂಚನೆ. ಒಂದು ಹಳೆಯ ಗುಂಪು ಫೋಟೊ ಬಿಸಿಲಿಗೆ ಬೆಳ್ಳಗಾಗಿದೆ. ಕಪ್ ಹಿಡಿದ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಯಾವ ಕಪ್, ಯಾವ ವರ್ಷ ಎಂದು ಓದಲಾಗಲಿಲ್ಲ.

ಬಲಕ್ಕೆ ಸಿಮೆಂಟಿನ ಮೆಟ್ಟಿಲು. ಅದೇ ಗ್ಯಾಲರಿ. ಪಂದ್ಯವಿಲ್ಲದ ದಿನವೂ ಇಲ್ಲಿ ಬಂದು ಕೂರುವವರಿದ್ದಾರೆ. ಕ್ಲಬ್ಬಿನ ಸ್ಕೋರ್ ಬರೆಯುವ ಹಿರಿಯರೊಬ್ಬರು ಸ್ವೆಟರಿನ ಮೇಲೆ ಶಾಲು ಹೊದ್ದು ಕೂತಿದ್ದರು. ಹುಡುಗರು ಅವರನ್ನು ಕಾಕಾ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಗೇಟಿನ ಹೊರಗಿನ ತೀರ್ಪು ಹೇಳಿದ್ದಕ್ಕೆ ಕಾಕಾ ಕೈ ಬೀಸಿದರು. "ಪಂಡಿತ್ ಬರಿಗೈ ತಂಡಕ್ಕೆ ಬರಲಿಲ್ಲ. ವಸೀಂ ಜಾಫರ್ ಅದಕ್ಕಿಂತ ಮೊದಲೇ ಬಂದಿದ್ದ. ನಿಮ್ಮ ದಾವಣಗೆರೆಯ ಗಣೇಶ್ ಸತೀಶ್ ಬಂದು ನೆಲೆಸಿದ್ದ. ಫೈಜ್ ಫಜಲ್ ಇಲ್ಲಿಯವನೇ. ಅಕಾಡೆಮಿಯ ಹುಡುಗರು ಬೆಳೆದು ನಿಂತಿದ್ದರು. ಬೌಲಿಂಗ್ ಕಲಿಸಲು ಸುಬ್ರತೋ ಬ್ಯಾನರ್ಜಿ ಇದ್ದರು. ಅಡುಗೆ ಆಗಿತ್ತು, ಬಡಿಸುವವರು ಬಂದರು."

ಇದು ಪೂರ್ತಿ ನ್ಯಾಯವಲ್ಲ ಎನ್ನಿಸಿತು, ಹೇಳಿಯೂ ಬಿಟ್ಟೆ. ಜಾಫರ್ ಬಂದ ಮೇಲೂ ತಕ್ಷಣ ಕಪ್ ಬರಲಿಲ್ಲವಲ್ಲ? ಕಾಕಾ ಅದನ್ನು ಒಪ್ಪಿದರು. ಆದರೆ ಬೇರೊಂದು ದಾಳ ಉರುಳಿಸಿದರು. ವಿದರ್ಭಕ್ಕೆ ಬರುವ ಮುಂಚೆ ಪಂಡಿತ್ ಮುಂಬೈ ಕೋಚ್. 2015-16ರಲ್ಲಿ ಮುಂಬೈಗೆ ಕಪ್ ಗೆದ್ದುಕೊಟ್ಟರು. ಮರುವರ್ಷ ಫೈನಲ್‌ಗೆ ಒಯ್ದರು, ಗುಜರಾತಿನ ಎದುರು ಸೋಲಾಯಿತು. ಅಷ್ಟಕ್ಕೇ ಮುಂಬೈ ಕೋಚ್ ಬದಲಿಸಿತು. "ಅವರು ಬೇಡವೆಂದವರನ್ನು ನಾವು ಕರೆದೆವು. ಕೋಚ್ ಬದಲಿಸಿದ್ದಕ್ಕೆ ಗೆದ್ದವರು ನಾವಾದರೆ, ಬದಲಿಸಿದ್ದಕ್ಕೆ ಸೋತವರು ಯಾರು?"

ಪಂಡಿತ್ ಅವರ ಕತೆ ಅಲ್ಲಿಗೆ ನಿಲ್ಲುವುದಿಲ್ಲ. 1998-99ರ ರಣಜಿ ಫೈನಲ್‌ನಲ್ಲಿ ಅವರು ಮಧ್ಯಪ್ರದೇಶದ ನಾಯಕ. ಬೆಂಗಳೂರಿನಲ್ಲಿ ನಮ್ಮ ಕರ್ನಾಟಕದೆದುರು ಸೋತರು. 2022ರ ಜೂನ್‌ನಲ್ಲಿ ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಅದೇ ಮಧ್ಯಪ್ರದೇಶದ ಕೋಚ್ ಆಗಿ ಮುಂಬೈಯನ್ನು ಸೋಲಿಸಿ ಕಪ್ ಎತ್ತಿಸಿದರು. 2024ರಲ್ಲಿ ಐಪಿಎಲ್ ಗೆದ್ದ ಕೋಲ್ಕತ್ತದ ಮುಖ್ಯ ಕೋಚ್ ಅವರೇ. ಮರುವರ್ಷ ತಂಡ ಎಂಟನೇ ಸ್ಥಾನಕ್ಕೆ ಇಳಿಯಿತು, ಅವರು ಹೊರಗೆ ಬಂದರು. ಒಂದೇ ವರ್ಷದಲ್ಲಿ ಅವರಿಗೆ ಕೋಚಿಂಗ್ ಮರೆತುಹೋಯಿತು ಎಂದು ನಂಬುವುದು ಕಷ್ಟ.

ಅವರು ಬಿಟ್ಟುಹೋದ ಮೇಲೆ ವಿದರ್ಭ ಮುಳುಗಿತೇ? ಅದೂ ಇಲ್ಲ. ಉಸ್ಮಾನ್ ಘನಿ ಕೋಚ್ ಆಗಿದ್ದಾಗ 2023-24ರಲ್ಲಿ ಫೈನಲ್ ತಲುಪಿ ಮುಂಬೈಗೆ ಸೋತಿತು. ಘನಿಯವರನ್ನು ಆಗ ಬದಲಿಸಲಿಲ್ಲ. ಮರುವರ್ಷ, 2025ರ ಮಾರ್ಚ್ 2ರಂದು ಜಾಮಠಾದಲ್ಲಿ ಕೇರಳದ ವಿರುದ್ಧ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಮೂರನೇ ಕಪ್ ಬಂತು. ಆ ಫೈನಲ್‌ನಲ್ಲಿ 86 ಮತ್ತು 135 ಹೊಡೆದದ್ದು ಕರುಣ್ ನಾಯರ್, 2017ರಲ್ಲಿ ಈಡನ್‌ನಲ್ಲಿ ಇದೇ ವಿದರ್ಭದ ವಿರುದ್ಧ 153 ಹೊಡೆದವರು. "ನಿಮ್ಮ ಹುಡುಗ. ಈಗ ನಿಮ್ಮಲ್ಲಿಗೇ ವಾಪಸ್ ಹೋದ" ಎಂದರು ಕಾಕಾ, ಸ್ವಲ್ಪ ಬೇಸರದಿಂದಲೇ. ಅದೇ ವರ್ಷದ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್‌ನಲ್ಲಿ ಕರ್ನಾಟಕ ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿತ್ತು. ಅದನ್ನು ನೆನಪಿಸಿದೆ. ಕಾಕಾಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದಂತೆ ಇದ್ದರು.

ಎರಡು ಮೆಟ್ಟಿಲು ಕೆಳಗೆ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಕೆಂಪು ಜೆರ್ಸಿ ತೊಟ್ಟ ಕಾಲೇಜು ಹುಡುಗನೊಬ್ಬ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನ ವಾದ ಫುಟ್‌ಬಾಲಿನದು. ಅಲೆಕ್ಸ್ ಫರ್ಗ್ಯುಸನ್ 1986ರಲ್ಲಿ ಬಂದರೂ ಮೊದಲ ಕಪ್ ಸಿಕ್ಕಿದ್ದು 1990ರಲ್ಲಿ. ನಡುವೆ ಅಭಿಮಾನಿಗಳೇ ಅವರನ್ನು ಓಡಿಸಲು ಹೊರಟಿದ್ದರು. "ಅವರು 2013ರಲ್ಲಿ ಬಿಟ್ಟರು. ಆಮೇಲೆ ಎಷ್ಟು ಜನ ಬಂದು ಹೋದರು ಗೊತ್ತಾ? ಬದಲಿಸಿ ಬದಲಿಸಿ ನಮಗೇನು ಸಿಕ್ಕಿತು?" ಎಂದ. ಕಾಕಾಗೆ ಫರ್ಗ್ಯುಸನ್ ಯಾರೆಂದು ಗೊತ್ತಿರಲಿಲ್ಲ, ಆದರೂ ತಲೆಯಾಡಿಸಿದರು.

ಕಾಕಾ ಚೀಲದಿಂದ ಸ್ಕೋರ್ ಪುಸ್ತಕ ತೆಗೆದರು. ಪುಟದ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ ಚುಕ್ಕೆ. ಕೈಬಿಟ್ಟ ಪ್ರತಿ ಕ್ಯಾಚಿಗೂ ಒಂದು ಚುಕ್ಕೆಯಂತೆ. ಈ ಸೀಸನ್ನಿನ ಪುಟಗಳಲ್ಲಿ ಚುಕ್ಕೆ ಬಹಳ. ಸೋಲುಗಳಲ್ಲಿ ಕೆಲವು ತೀರ ಹತ್ತಿರದವು. ಇಲ್ಲಿ ಒಂದು ಲೆಕ್ಕ ಯೋಚಿಸಬೇಕು. ಕೋಚ್‌ನನ್ನು ತೆಗೆಯುವುದು ಯಾವಾಗ? ತಂಡ ತೀರ ಕೆಳಗೆ ಬಿದ್ದಾಗ. ಅಲ್ಲಿಂದ ಮುಂದೆ ಉಳಿದಿರುವ ದಾರಿ ಬಹುಪಾಲು ಮೇಲಕ್ಕೇ. ಟಾಸ್ ಸೋಲುವುದು, ಕ್ಯಾಚ್ ಜಾರುವುದು, ಮುಖ್ಯ ಬೌಲರ್‌ನ ಬೆನ್ನು ಹಿಡಿದುಕೊಳ್ಳುವುದು, ಇವೆಲ್ಲ ಪ್ರತಿ ತಿಂಗಳೂ ಒಟ್ಟಿಗೆ ಬರುವುದಿಲ್ಲ. ಹೊಸಬ ಬಂದ ಹೊತ್ತಿಗೆ ಅವು ತಾವಾಗಿ ಸರಿಹೋದರೆ ಕೀರ್ತಿ ಹೊಸಬನಿಗೆ. ಹಳಬ ಇದ್ದಿದ್ದರೂ ಸರಿಹೋಗುತ್ತಿತ್ತೇ ಎಂದು ಪರೀಕ್ಷಿಸುವ ಉಪಾಯವೇ ಇಲ್ಲ, ಏಕೆಂದರೆ ಅವನು ಮನೆಗೆ ಹೋಗಿರುತ್ತಾನೆ.

ಮೆಟ್ಟಿಲಿಳಿದು ಬೌಂಡರಿಯ ಸುತ್ತ ನಡೆದೆ. ಹುಲ್ಲು ಅಲ್ಲಲ್ಲಿ ಹಸಿರು, ಅಲ್ಲಲ್ಲಿ ನೆಲ. ನಡುವಿನ ಪಿಚ್ ಕಪ್ಪು ಮಣ್ಣಿನದು. ವಿದರ್ಭದಲ್ಲಿ ಹತ್ತಿ ಬೆಳೆಯುವ ಎರೆಮಣ್ಣು. ಒಣಗಿದರೆ ಬಿರಿಯುತ್ತದೆ, ಹೊತ್ತು ಮೀರಿ ನೀರು ಹಾಕಿದರೆ ಚೆಂಡು ಪುಟಿಯುವುದೇ ಇಲ್ಲ. ಕಬ್ಬಿಣದ ರೋಲರಿನ ಪಕ್ಕ ಮೈದಾನ ನೋಡಿಕೊಳ್ಳುವವರು ಬೀಡಿ ಸೇದುತ್ತಿದ್ದರು. ಕೋಚ್ ಬಗ್ಗೆ ಕೇಳಿದೆ. ಅವರು ಕೋಚ್ ಬಗ್ಗೆ ಏನೂ ಹೇಳಲಿಲ್ಲ, ಪೈಪಿನ ಬಗ್ಗೆ ಹೇಳಿದರು. ಬೋರಿನ ಮೋಟರು ಕೆಟ್ಟು ಬಹಳ ದಿನವಾಗಿದೆ, ಟ್ಯಾಂಕರ್ ಬಂದ ದಿನ ಮಾತ್ರ ನೀರು. ಅದಕ್ಕೇ ನೆಟ್ಸ್‌ನಲ್ಲಿ ಒಂದೇ ಪಿಚ್ ಬಳಕೆಗೆ ಬರುತ್ತದೆ.

ನೆಟ್ಸ್ ಮೈದಾನದ ಆ ತುದಿಯಲ್ಲಿದೆ, ಗೇಟಿನಿಂದ ಅತಿ ದೂರದಲ್ಲಿ. ಪೋಹಾ ಗಾಡಿಯ ಹತ್ತಿರ ನಿಂತರೆ ಕಾಣುವುದಿಲ್ಲ, ಸೈಟ್ ಸ್ಕ್ರೀನ್ ಅಡ್ಡ ಬರುತ್ತದೆ. ಹರಿದ ಬಲೆಯನ್ನು ನೈಲಾನ್ ಹಗ್ಗದಿಂದ ಹೊಲಿದಿದ್ದಾರೆ. ಅಲ್ಲಿ ಕೋಚ್ ಇದ್ದರು. ಐವತ್ತು ದಾಟಿದ ಮನುಷ್ಯ, ತಲೆಗೆ ಬಿಳಿ ಹ್ಯಾಟು. ಕೂಗಾಟವಿಲ್ಲ. ಎಡಗೈ ಸ್ಪಿನ್ ಹಾಕುವ ಒಬ್ಬ ಹುಡುಗನ ಮುಂಗಾಲು ಎಲ್ಲಿ ಬೀಳುತ್ತದೆ ಎಂದು ಸುಣ್ಣದ ಗೆರೆ ಎಳೆದು ತೋರಿಸುತ್ತಿದ್ದರು. ಹುಡುಗ ಹಾಕಿದ, ಗೆರೆ ತಪ್ಪಿತು. ಮತ್ತೆ ಹಾಕಿದ, ಮತ್ತೆ ತಪ್ಪಿತು. ನಾನು ನಿಂತಿದ್ದಷ್ಟೂ ಹೊತ್ತು ಇದೇ ನಡೆಯಿತು. ನೋಡಲು ಬೇಸರದ ಕೆಲಸ. ಆ ಹುಡುಗ ಇದರಿಂದ ಉದ್ಧಾರವಾಗುತ್ತಾನೋ ಇಲ್ಲವೋ ಹೇಳುವಷ್ಟು ಕ್ರಿಕೆಟ್ ನನಗೆ ಗೊತ್ತಿಲ್ಲ.

ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನೆಟ್ಸ್‌ನಲ್ಲಿದ್ದವರು ಹೆಚ್ಚಾಗಿ ಚಿಕ್ಕ ಹುಡುಗರು. ಮೊದಲ ತಂಡದ ಆಟಗಾರರು ಕೆಲವರೇ. ಕಂಬಕ್ಕೆ ತೂಗುಹಾಕಿದ್ದ ಹಾಜರಿ ಪುಸ್ತಕ ನೋಡಬಹುದೇ ಎಂದು ಕೇಳಿದೆ. ನೋಡಿ ಎಂದರು. ದೊಡ್ಡ ಹುಡುಗರ ಹೆಸರಿನ ಮುಂದೆ ಖಾಲಿ ಚೌಕಗಳೇ ಹೆಚ್ಚು. ಎಲ್ಲಿ ಹೋಗುತ್ತಾರೆ? ಕೋಚ್ ನಕ್ಕರು, ಉತ್ತರ ಕೊಟ್ಟದ್ದು ಪ್ಯಾಡ್ ಕಟ್ಟಿಕೊಳ್ಳುತ್ತಿದ್ದ ವಿಕೆಟ್ ಕೀಪರ್. ಚಳಿಗಾಲ ಟೆನಿಸ್ ಬಾಲ್ ಟೂರ್ನಿಗಳ ಕಾಲ. ಹಳ್ಳಿ, ತಾಲ್ಲೂಕುಗಳಲ್ಲಿ ರಾತ್ರಿ ದೀಪ ಹಾಕಿ ಆಡಿಸುತ್ತಾರೆ, ಗೆದ್ದರೆ ಕೈಗೆ ನಗದು. ಓಪನರ್‌ಗಳಿಬ್ಬರೂ ರಾತ್ರಿ ಅಲ್ಲಿ ಆಡಿ ಬೆಳಗ್ಗೆ ಮಲಗಿರುತ್ತಾರೆ. ಆಡುವ ಹನ್ನೊಂದು ಜನರನ್ನು ಆರಿಸುವುದು ಸಮಿತಿ. ಹಾಜರಿ ಪುಸ್ತಕ ಸಮಿತಿಗೆ ಹೋಗುವುದೇ ಇಲ್ಲವಂತೆ. ನೆಟ್ಸ್‌ಗೆ ಬಾರದವರನ್ನು ಹೊರಗಿಟ್ಟರೆ ಏನಾಗುತ್ತದೆ ಎಂದು ಕೋಚ್‌ನನ್ನು ಕೇಳಿದೆ. "ಅದನ್ನು ಅವರನ್ನೇ ಕೇಳಿ ಸಾಹೇಬ್" ಎಂದು ಕ್ಲಬ್ಬಿನ ಕಟ್ಟಡದ ಕಡೆ ಗದ್ದ ತೋರಿಸಿದರು. ಅವರ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಬಾಯಿಗೆ ಬಂದಿತ್ತು. ಹುಡುಗರ ಮುಂದೆ ಕೇಳಲು ಮನಸ್ಸಾಗಲಿಲ್ಲ.

ಕಟ್ಟಡದಲ್ಲಿ ಎರಡು ಕೋಣೆ. ಡ್ರೆಸಿಂಗ್ ರೂಮಿನಲ್ಲಿ ಬೆವರು ಮತ್ತು ನೋವಿನ ಮುಲಾಮಿನ ವಾಸನೆ, ಕಿಟ್ ಬ್ಯಾಗುಗಳು, ಗೋಡೆಗೆ ಹನುಮಂತನ ಕ್ಯಾಲೆಂಡರ್. ಪಕ್ಕದ್ದು ಸಮಿತಿಯ ಕೋಣೆ. ಬೀಗ ಹಾಕಿತ್ತು. ಕಿಟಕಿಯಿಂದ ಇಣುಕಿದರೆ ಟ್ರೋಫಿಗಳ ಬೀರು, ಪ್ಲಾಸ್ಟಿಕ್ ಕುರ್ಚಿಗಳು. ಯಾವಾಗ ತೆರೆಯುತ್ತಾರೆ ಎಂದರೆ ಸಭೆ ಇದ್ದಾಗ ಎಂದರು; ಸಭೆ ಯಾವಾಗ ಎಂದರೆ ಯಾರಿಗೂ ಖಚಿತವಿಲ್ಲ. ನೆಟ್ಸ್‌ಗೆ ಬರುವ ಮುನ್ನ ಕೇಳಿದ ಮಾತುಗಳಲ್ಲಿ ಈ ಕೋಣೆಯ ಪ್ರಸ್ತಾಪವೇ ಬಂದಿರಲಿಲ್ಲ ಎಂಬುದು ಅಲ್ಲಿ ನಿಂತಾಗ ಹೊಳೆಯಿತು. ಗೇಟಿನವರು ಕೋಚ್‌ಗೆ ಬೈದರು, ಮೆಟ್ಟಿಲಿನವರು ಕೋಚ್ ಪರ ಮಾತಾಡಿದರು. ತಂಡ ಆರಿಸುವವರ ಹೆಸರನ್ನು ಅವರಲ್ಲಿ ಯಾರೂ ಎತ್ತಲಿಲ್ಲ. ಕೋಚ್ ಒಬ್ಬನೇ, ಕಣ್ಣಿಗೆ ಕಾಣುತ್ತಾನೆ, ಸುಲಭವಾಗಿ ಕಳಿಸಬಹುದು. ಹನ್ನೊಂದು ಜನ ಆಟಗಾರರನ್ನು ಕಳಿಸಲಾಗದು, ಸಮಿತಿ ತನ್ನನ್ನು ತಾನೇ ಕಳಿಸಿಕೊಳ್ಳುವುದಿಲ್ಲ.

ಆ ಕೋಚ್ ಒಳ್ಳೆಯವರೋ ಅಲ್ಲವೋ, ಒಂದು ಬೆಳಗ್ಗೆ ನೋಡಿದವನು ಹೇಳಲಾರೆ. ಸುಣ್ಣದ ಗೆರೆಯ ಶ್ರದ್ಧೆ ಪಂದ್ಯ ಗೆಲ್ಲಿಸುತ್ತದೆ ಎಂಬ ಖಾತರಿಯೂ ಇಲ್ಲ. ದೊಡ್ಡ ಹುಡುಗರನ್ನು ಗದರಿಸಿ ಎಳೆದು ತರುವ ಸ್ವಭಾವ ಅವರದಲ್ಲ ಎಂಬುದು ಗೇಟಿನವರ ದೂರಿನಲ್ಲಿದ್ದ ಸತ್ಯಾಂಶ ಇರಬಹುದು. ಆದರೂ ನನ್ನನ್ನು ಕೇಳಿದರೆ, ಸೀಸನ್ ಮುಗಿಯುವವರೆಗೆ ಅವರು ಇರಲಿ. ಹಾಜರಿ ಪುಸ್ತಕ ನೆಟ್ಸ್ ಕಂಬದಿಂದ ಸಮಿತಿಯ ಮೇಜಿಗೆ ಹೋಗಲಿ, ಬೋರಿನ ಮೋಟರು ರಿಪೇರಿಯಾಗಲಿ, ಬೆಳಗ್ಗೆ ಬಂದವರಿಗೆ ಮಾತ್ರ ಭಾನುವಾರದ ಪಂದ್ಯ ಸಿಗಲಿ. ಇಷ್ಟಾದ ಮೇಲೂ ಸೋತರೆ, ಮಾರ್ಚ್‌ನಲ್ಲಿ ಕೋಚ್‌ನನ್ನು ಬದಲಿಸಲು ನನ್ನ ಅಡ್ಡಿಯಿಲ್ಲ.