ಟೋಕನ್ ಯಾರ ಗುರಿಗೆ? ಕ್ವಿಯರ್ ಮತ್ತು ನರವೈವಿಧ್ಯದ ಮಕ್ಕಳ ಆಪ್ತಸಮಾಲೋಚನೆ ಕುರಿತು

ಪುನರ್ಬಲನದ ಪಾಠದಲ್ಲಿ ಟೋಕನ್ ಪದ್ಧತಿಯನ್ನು ನಾವೆಲ್ಲ ಓದಿದ್ದೇವೆ. ಅಪೇಕ್ಷಿತ ವರ್ತನೆಗೆ ಒಂದು ಟೋಕನ್, ಹಲವು ಟೋಕನ್ ಸೇರಿದರೆ ಬಹುಮಾನ. ಬೋಧನಾಭ್ಯಾಸದಲ್ಲಿ ನಕ್ಷತ್ರದ ಸ್ಟಿಕ್ಕರ್ ಅಂಟಿಸಿ ಇದನ್ನೇ ಮಾಡುತ್ತೇವೆ. ‘ಅಪೇಕ್ಷಿತ’ ಎಂದರೆ ಯಾರಿಗೆ ಅಪೇಕ್ಷಿತ ಎಂಬ ಪ್ರಶ್ನೆಗೆ ಮಾತ್ರ ಪಾಠಯೋಜನೆಯಲ್ಲಿ ಜಾಗವಿಲ್ಲ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಇವಾರ್ ಲೊವಾಸ್ ಆಟಿಸಂ ಇರುವ ಮಕ್ಕಳ ವರ್ತನಾ ತರಬೇತಿಗೆ ಹೆಸರಾದವರು. 1987ರ ಅವರ ಪ್ರಸಿದ್ಧ ಅಧ್ಯಯನದಲ್ಲಿ 19 ಮಕ್ಕಳಿಗೆ ವಾರಕ್ಕೆ ಸುಮಾರು 40 ಗಂಟೆ ತರಬೇತಿ ಕೊಡಲಾಯಿತು. ಸಾಮಾನ್ಯ ಮಟ್ಟದ ಬುದ್ಧಿಸೂಚ್ಯಂಕ ಮತ್ತು ಇತರ ಮಕ್ಕಳ ಜೊತೆ ಸಾಮಾನ್ಯ ಶಾಲೆಯ ಒಂದನೇ ತರಗತಿ ಮುಗಿಸುವುದೇ ಯಶಸ್ಸಿನ ಅಳತೆಗೋಲಾಗಿತ್ತು. ಇದಕ್ಕೂ ಮೊದಲು, 1974ರಲ್ಲಿ, ಜಾರ್ಜ್ ರೆಕರ್ಸ್ ಜೊತೆ ಸೇರಿ ಲೊವಾಸ್ ಇನ್ನೊಂದು ಪ್ರಬಂಧ ಪ್ರಕಟಿಸಿದ್ದರು. ಅದರಲ್ಲಿರುವ ಬಾಲಕನಿಗೆ ಐದು ವರ್ಷವೂ ತುಂಬಿರಲಿಲ್ಲ. ಅವನು ‘ಹುಡುಗಿಯರಂತೆ’ ಆಡುತ್ತಾನೆ ಎಂಬುದೇ ದೂರು. ಅವನು ಗೊಂಬೆ ಹಿಡಿದಾಗ ತಾಯಿ ಅವನತ್ತ ನೋಡಬಾರದು, ‘ಗಂಡುಮಕ್ಕಳ’ ಆಟಿಕೆ ಹಿಡಿದಾಗ ನಗಬೇಕು, ಮಾತಾಡಿಸಬೇಕು. ಮನೆಯಲ್ಲಿ ನೀಲಿ ಮತ್ತು ಕೆಂಪು ಟೋಕನ್‌ಗಳಿದ್ದವು. ನೀಲಿ ಟೋಕನ್‌ಗೆ ತಿನಿಸು. ಕೆಂಪು ಟೋಕನ್‌ಗೆ ಶಿಕ್ಷೆ, ಅದರಲ್ಲಿ ತಂದೆಯ ಕೈಯ ಪೆಟ್ಟೂ ಸೇರಿತ್ತು. ಚಿಕಿತ್ಸೆ ಯಶಸ್ವಿಯಾಯಿತೆಂದು ಪ್ರಬಂಧ ಹೇಳಿತು. ಆ ಬಾಲಕ ಬೆಳೆದು, 2003ರಲ್ಲಿ, 38ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಇದಕ್ಕೆ ಆ ಚಿಕಿತ್ಸೆಯೇ ಕಾರಣವೆಂದು ಕುಟುಂಬದವರು ನಂಬಿದ್ದಾರೆ. ಪ್ರಬಂಧವನ್ನು ಅಚ್ಚಿಸಿದ ಪತ್ರಿಕೆ 2020ರಲ್ಲಿ ಅದರ ಬಗ್ಗೆ ಕಳವಳ ಸೂಚಿಸಿ ಟಿಪ್ಪಣಿ ಹಾಕಿತು.

ಆಟಿಸಂ ಮಗುವಿಗೂ ಈ ಬಾಲಕನಿಗೂ ಬಳಸಿದ ಸಾಧನ ಒಂದೇ, ಗುರಿಯೂ ಹೆಚ್ಚುಕಡಿಮೆ ಒಂದೇ: ನೋಡುವವರಿಗೆ ‘ಸರಿ’ಯಾಗಿ ಕಾಣಬೇಕು. ಗುರುತನ್ನು ಒಪ್ಪುವ ಆಪ್ತಸಮಾಲೋಚನೆ ಈ ಗುರಿಯನ್ನೇ ಬದಲಿಸುತ್ತದೆ. ಸಲಿಂಗ ಒಲವು, ಹುಟ್ಟಿನಲ್ಲಿ ಬರೆದುಕೊಂಡ ಲಿಂಗಕ್ಕಿಂತ ಬೇರೆಯಾದ ಲಿಂಗತ್ವ, ಆಟಿಸಂ, ಎಡಿಎಚ್‌ಡಿ ಇವನ್ನು ಅದು ಅಳಿಸಬೇಕಾದ ದೋಷವೆಂದು ಎಣಿಸುವುದಿಲ್ಲ. ಬಂದವರ ಸಂಕಟವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಆ ಸಂಕಟದ ದೊಡ್ಡ ಪಾಲು ಅಪಹಾಸ್ಯದಿಂದ ಮತ್ತು ದಿನವಿಡೀ ತನ್ನನ್ನು ಮುಚ್ಚಿಟ್ಟುಕೊಳ್ಳುವ ದಣಿವಿನಿಂದ ಬರುತ್ತದೆ. ಇಲಾನ್ ಮೇಯರ್ ಇದನ್ನು ಅಲ್ಪಸಂಖ್ಯಾತರ ಒತ್ತಡವೆಂದು ವಿವರಿಸಿದರು. ಆಟಿಸಂ ಇರುವವರು ತಮ್ಮ ಸಹಜ ವರ್ತನೆಯನ್ನು ಮರೆಮಾಚುವುದನ್ನು ‘ಮುಖವಾಡ’ ಎನ್ನುತ್ತಾರೆ. ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವ ಸಂಶೋಧಕರು. ಅರ್ಥವಾಗದಿರುವುದು ಎರಡೂ ಕಡೆಯ ತೊಡಕು, ಒಂದೇ ಕಡೆಯ ಕೊರತೆಯಲ್ಲ ಎಂದು ಅವರು 2012ರಲ್ಲಿ ವಾದಿಸಿದರು. ತರಗತಿಗೆ ಈ ಮಾತು ಬಹಳ ಉಪಯುಕ್ತವೆಂದು ನನಗನಿಸುತ್ತದೆ. ಮಗುವಿಗೆ ಗಮನವಿದೆಯೇ ಎಂದು ತಿಳಿಯಲು ನಾವು ನೋಡುವುದೇ ಅದರ ಕಣ್ಣನ್ನು. ಕಣ್ಣು ತಪ್ಪಿಸಿದಾಗಲೇ ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳೂ ಇದ್ದಾರೆ.

ಎರಡೂ ಗುರುತು ಒಬ್ಬರಲ್ಲೇ ಇರುವುದು ಅಪರೂಪವಲ್ಲ. ಕೇಂಬ್ರಿಡ್ಜ್ ಸಂಶೋಧಕರು 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇತರರಿಗೆ ಹೋಲಿಸಿದರೆ ಟ್ರಾನ್ಸ್‌ಜೆಂಡರ್ ಮತ್ತು ಲಿಂಗತ್ವ ವೈವಿಧ್ಯದ ವ್ಯಕ್ತಿಗಳಲ್ಲಿ ಆಟಿಸಂ ಇರುವ ಸಂಭವ 3ರಿಂದ 6 ಪಟ್ಟು. ಅಂಥವರು ತಮ್ಮ ಲಿಂಗತ್ವದ ಬಗ್ಗೆ ಹೇಳಿದರೆ, ‘ಅದೂ ಆಟಿಸಂನ ಒಂದು ಗೀಳು’ ಎಂದು ತಳ್ಳಿಹಾಕುವುದು ಸುಲಭ. ಒಪ್ಪುವ ಸಮಾಲೋಚಕರು ಅವರ ಮಾತನ್ನು ನಂಬುವುದರಿಂದ ಆರಂಭಿಸುತ್ತಾರೆ.

ಕೋಣೆಯೊಳಗೆ ಇದು ಸಣ್ಣ ಸಂಗತಿಗಳಲ್ಲಿ ಕಾಣುತ್ತದೆ. ಟ್ಯೂಬ್‌ಲೈಟಿನ ಬೆಳಕು ಕಡಿಮೆ. ಕೈಯಲ್ಲಿ ಏನಾದರೂ ತಿರುಗಿಸುತ್ತ ಕೂರಬಹುದು, ಮಾತಿನ ಬದಲು ಬರೆದು ತೋರಿಸಬಹುದು. ಇಂದು ಏನು ನಡೆಯಲಿದೆ ಎಂಬುದನ್ನು ಮೊದಲೇ ಹೇಳಿರುತ್ತಾರೆ. ಯಾವ ಹೆಸರಿನಿಂದ ಕರೆಯಲಿ ಎಂದು ಕೇಳುತ್ತಾರೆ. ‘ಹೇಗನಿಸುತ್ತಿದೆ?’ ಎಂಬ ಬಯಲು ಪ್ರಶ್ನೆಗೆ ಬದಲಾಗಿ, ‘ನಿನ್ನೆ ಊಟದ ಬಿಡುವಿನಲ್ಲಿ ಎಲ್ಲಿ ಕೂತಿದ್ದೆ?’ ಎಂಬಂಥ ಪ್ರಶ್ನೆ ಹಾಕುತ್ತಾರೆ. ಕರುಣೆ ಎಂದರೆ ಇಲ್ಲಿ ಅಯ್ಯೋ ಪಾಪ ಎನ್ನುವುದಲ್ಲ. ‘ನಾನೇ ಸರಿಯಿಲ್ಲ’ ಎಂದು ಒಳಗಿನಿಂದ ಚುಚ್ಚುವ ನಾಚಿಕೆಯ ದನಿಯನ್ನು ಗುರುತಿಸಿ, ಗೆಳೆಯನಿಗಾದರೆ ಏನು ಹೇಳುತ್ತಿದ್ದೆನೋ ಅದನ್ನೇ ತನಗೂ ಹೇಳಿಕೊಳ್ಳುವ ಅಭ್ಯಾಸ. ಕಾರ್ಲ್ ರೋಜರ್ಸ್ ಹೇಳಿದ ಷರತ್ತಿಲ್ಲದ ಗೌರವ ನಮ್ಮ ಪಠ್ಯದಲ್ಲೇ ಇದೆ, ಇದು ಅದರ ಮುಂದುವರಿಕೆ.

ಹಾಗೆಂದು ಒಪ್ಪುವುದೆಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ಖಿನ್ನತೆ, ನಿದ್ರಾಹೀನತೆ, ಸ್ವಹಾನಿ ಇದ್ದರೆ ಚಿಕಿತ್ಸೆ ಬೇಕೇ ಬೇಕು. ರಸ್ತೆ ದಾಟುವುದನ್ನು, ನೋವಾದಾಗ ತಿಳಿಸುವುದನ್ನು ಕಲಿಸಲು ಸ್ಟಿಕ್ಕರ್ ಬಳಸಿದರೆ ತಪ್ಪೇನಿಲ್ಲ. ಕಲಿತದ್ದು ಮಗುವಿನ ಬದುಕಿಗೆ ಒದಗುತ್ತದೆಯೇ, ನೋಡುವವರ ನೆಮ್ಮದಿಗೆ ಮಾತ್ರವೇ ಎಂಬುದನ್ನು ನೋಡಬೇಕು.

ಕಾನೂನು ಈ ವಿಷಯದಲ್ಲಿ ನಮ್ಮ ಸ್ಟಾಫ್‌ರೂಮುಗಳಿಗಿಂತ ಮುಂದಿದೆ. ಸಮುದಾಯದ ನೈತಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದದಿರುವುದು ಮಾನಸಿಕ ಕಾಯಿಲೆಯೆಂದು ತೀರ್ಮಾನಿಸಲು ಆಧಾರವಾಗಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಲೈಂಗಿಕ ಒಲವನ್ನು ‘ವಾಸಿ’ ಮಾಡುವ ಯತ್ನವನ್ನು ನಿಷೇಧಿಸಬೇಕೆಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ಆ ನ್ಯಾಯಮೂರ್ತಿಗಳು ವಿಷಯ ಅರಿಯಲು ತಾವೇ ಮನಃಶಾಸ್ತ್ರಜ್ಞರ ಬಳಿ ಹೋಗಿದ್ದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ವೃತ್ತಿ ದುರ್ನಡತೆ ಎಂದಿತು. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಸೇರಿವೆ. ಆದ್ದರಿಂದ ಶಾಲೆಯಲ್ಲಿ ಅನುಕೂಲ ಕಲ್ಪಿಸುವುದು ದಾಕ್ಷಿಣ್ಯದ ಮಾತಲ್ಲ.

ಶಿಕ್ಷಕರು ಚಿಕಿತ್ಸಕರಲ್ಲ. ಆದರೆ ಮಗುವನ್ನು ಎಲ್ಲಿಗೆ ಕಳಿಸಬೇಕೆಂದು ಪೋಷಕರು ಮೊದಲು ಕೇಳುವುದು ನಮ್ಮನ್ನೇ. ಸಮಾಲೋಚಕರಿಗೆ ಮೊದಲೇ ಒಂದು ಫೋನ್ ಮಾಡಿ, ‘ಈ ಮಗುವಿನಲ್ಲಿ ಏನು ಬದಲಾಗಬೇಕೆಂದು ನೀವು ಬಯಸುತ್ತೀರಿ?’ ಎಂದು ಕೇಳಬಹುದು. ಉತ್ತರದಲ್ಲಿ ‘ನಾರ್ಮಲ್ ಮಾಡುತ್ತೇವೆ’ ಎಂದು ಬಂದರೆ ಬೇರೆಯವರನ್ನು ಹುಡುಕಬೇಕು. ಗೊತ್ತಿರುವವರು ಯಾರೂ ಇಲ್ಲದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮಗು ನಂಬಿ ಹೇಳಿದ ಗುರುತನ್ನು ಅದರ ಒಪ್ಪಿಗೆಯಿಲ್ಲದೆ ಪೋಷಕರ ಸಭೆಯಲ್ಲಾಗಲಿ ಸ್ಟಾಫ್‌ರೂಮಿನಲ್ಲಾಗಲಿ ಬಾಯಿಬಿಡಬಾರದು. ಮನೆಯಲ್ಲಿ ಪೆಟ್ಟು ಬೀಳುವುದು, ಶಾಲೆ ಬಿಡಿಸುವುದು ಅಲ್ಲಿಂದಲೇ ಶುರುವಾಗಬಹುದು. ಪ್ರಾಣಾಪಾಯವಿದ್ದರೆ ಆ ಅಪಾಯವನ್ನಷ್ಟೇ ಸಂಬಂಧಪಟ್ಟವರಿಗೆ ತಿಳಿಸಿದರೆ ಸಾಕು, ಗುರುತನ್ನು ಹೇಳಬೇಕಿಲ್ಲ. ಪತ್ರ ಬರೆಯುವಾಗ ‘ಹೆಣ್ಣಿನಂತೆ ಆಡುತ್ತಾನೆ’, ‘ವಿಚಿತ್ರ ಸ್ವಭಾವ’ ಎನ್ನುವ ಬದಲು ಕಂಡದ್ದನ್ನು ಬರೆಯಬೇಕು: ಎರಡು ವಾರದಿಂದ ಊಟದ ಡಬ್ಬಿ ತೆರೆಯುತ್ತಿಲ್ಲ, ಗಂಟೆ ಬಾರಿಸಿದಾಗ ಕಿವಿ ಮುಚ್ಚಿಕೊಳ್ಳುತ್ತಾನೆ, ಶೌಚಾಲಯಕ್ಕೆ ಹೋಗಲು ಹೆದರುತ್ತಾನೆ.