ಮುನ್ನೂರು ಕಟ್ಟೆಗಳ ಊರು

ಕನ್ನಡ ವಿಕಿಪೀಡಿಯದಲ್ಲಿ ಒಂದು ಅರಳಿ ಕಟ್ಟೆ ಇದೆ. ಲೇಖನ ಬರೆಯುವವರು ಅಲ್ಲಿಗೆ ಬಂದು ಸಂದೇಹ ಕೇಳುತ್ತಾರೆ, ಸುದ್ದಿ ಹಂಚುತ್ತಾರೆ, ಒಮ್ಮೊಮ್ಮೆ ಜಗಳವನ್ನೂ ಆಡುತ್ತಾರೆ. ಇದೇ ಜಾಗಕ್ಕೆ ತೆಲುಗಿನಲ್ಲಿ ರಚ್ಚಬಂಡ, ತಮಿಳಿನಲ್ಲಿ ಆಲದ ಮರದಡಿ, ಮಲಯಾಳದಲ್ಲಿ ಪಂಚಾಯತ್ತು, ಮರಾಠಿಯಲ್ಲಿ ಚಾವಡಿ, ಹಿಂದಿಯಲ್ಲಿ ಚೌಪಾಲ್ ಎಂದು ಹೆಸರು. ಇಂಗ್ಲಿಷಿನವರು ಊರ ನೀರಿನ ಪಂಪು ಎಂದರೆ ಸ್ವೀಡಿಷರು ಊರ ಬಾವಿ ಎನ್ನುತ್ತಾರೆ, ಜಪಾನೀಯರು ಬಾವಿಕಟ್ಟೆ ಎನ್ನುತ್ತಾರೆ. ಫ್ರೆಂಚರಿಗೆ ಅದು ಬಿಸ್ಟ್ರೋ, ಡಚ್ಚರಿಗೆ ಪಬ್ಬು, ಫಿನ್ನಿಶರಿಗೆ ಕಾಫಿ ಕೋಣೆ. ತಮ್ಮೂರಿನಲ್ಲಿ ನಾಲ್ಕು ಜನ ಎಲ್ಲಿ ಸೇರುತ್ತಾರೋ ಆ ಜಾಗದ ಹೆಸರನ್ನೇ ಒಬ್ಬೊಬ್ಬರೂ ತಂದಿಟ್ಟುಕೊಂಡಿದ್ದಾರೆ.

ವಿಕಿಪೀಡಿಯ ಹುಟ್ಟಿದ್ದು 2001ರ ಜನವರಿ 15ರಂದು, ಇಂಗ್ಲಿಷಿನಲ್ಲಿ. ಎರಡೇ ತಿಂಗಳಲ್ಲಿ ಜರ್ಮನ್ ಮತ್ತು ಕತಲಾನ್ ಬಂದವು. ಕನ್ನಡ ಶುರುವಾದದ್ದು 2003ರಲ್ಲಿ. ಇಂದು 300ಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ನಡೆಯುತ್ತಿದೆ, ಅಷ್ಟೂ ಭಾಷೆ ಬಲ್ಲ ಮನುಷ್ಯ ಜಗತ್ತಿನಲ್ಲಿ ಒಬ್ಬನೂ ಇಲ್ಲ. ಆದರೂ ಈ ಜನ ಒಂದೇ ಚಿತ್ರಭಂಡಾರವನ್ನು ಬಳಸುತ್ತಾರೆ, ಒಂದೇ ತಂತ್ರಾಂಶದ ಮೇಲೆ ಬರೆಯುತ್ತಾರೆ, ಕೆಲವು ನಿಯಮಗಳನ್ನು ಒಟ್ಟಿಗೇ ಮಾಡಿಕೊಳ್ಳುತ್ತಾರೆ. ಇದು ಹೇಗೆ ಸಾಧ್ಯವಾಯಿತು?

ಮೊದಲ ಉಪಾಯ ತೀರ ಸರಳ. ಸದಸ್ಯರು ತಮ್ಮ ಪರಿಚಯದ ಪುಟದಲ್ಲಿ ‘ಬೇಬಲ್’ ಎಂಬ ಪುಟ್ಟ ಚೌಕಟ್ಟು ಹಾಕಿಕೊಳ್ಳುತ್ತಾರೆ. ಕನ್ನಡ ತಾಯ್ನುಡಿ, ಇಂಗ್ಲಿಷ್ 3, ಹಿಂದಿ 2, ತಮಿಳು 1 ಎಂದು ಅದರಲ್ಲಿ ಬರೆದಿರುತ್ತದೆ. ಸೊನ್ನೆ ಎಂದರೆ ಆ ಭಾಷೆ ಬಾರದು, ಐದು ಎಂದರೆ ಅದರಲ್ಲಿ ಪಳಗಿದವರು. ಯಾರೊಂದಿಗೆ ಯಾವ ನುಡಿಯಲ್ಲಿ ಮಾತು ತೆಗೆಯಬಹುದು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ‘ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ’ ಎಂದು ಸಂಕೋಚಪಡುವವರಿಗೆ ಅದನ್ನು ಒಂದು ಅಂಕಿಯಲ್ಲಿ ಹೇಳಿ ಮುಗಿಸುವ ಸೌಕರ್ಯ ಸಿಕ್ಕಿತು. ಎಷ್ಟೋ ಜನರ ಬಾಯಿ ಬಿಡಿಸಿದ ಚೌಕಟ್ಟು ಇದು.

ಎರಡನೆಯ ಉಪಾಯ, ಹೆಸರಿನ ಬದಲು ಸಂಖ್ಯೆ. ಮೊದಲೆಲ್ಲ ಪ್ರತಿ ಲೇಖನವೂ ಇತರ ಭಾಷೆಗಳ ಕೊಂಡಿಗಳನ್ನು ತಾನೇ ಹೊತ್ತುಕೊಂಡಿರುತ್ತಿತ್ತು. ನೂರು ಭಾಷೆಯಲ್ಲಿರುವ ಲೇಖನಕ್ಕೆ ನೂರೊಂದನೆಯ ಭಾಷೆ ಸೇರಿದರೆ ಹಳೆಯ ನೂರೂ ಪುಟಗಳನ್ನು ತಿದ್ದಬೇಕು. 2012ರ ಅಕ್ಟೋಬರಿನಲ್ಲಿ ವಿಕಿಡೇಟಾ ಬಂದ ಮೇಲೆ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಸಿಕ್ಕಿತು. ಭೂಮಿಯ ಸಂಖ್ಯೆ ಕ್ಯೂ2. ಬೆಳಗಾವಿಗೂ ಹಾಗೆಯೇ ಒಂದು ಸಂಖ್ಯೆ ಇದೆ. ಕನ್ನಡದವರು ಅದರ ಮುಂದೆ ಕನ್ನಡದ ಹೆಸರು ಬರೆಯುತ್ತಾರೆ, ಮರಾಠಿಯವರು ಮರಾಠಿಯ ಹೆಸರು. ಎರಡೂ ಒಂದೇ ಊರಿನ ಕಡೆಗೆ ಬೊಟ್ಟು ಮಾಡುತ್ತವೆ. ಬೀದಿಯಲ್ಲಿ ಇನ್ನೂ ತೀರದ ಗಡಿಯ ವಿಷಯ ಅಲ್ಲಿ ಗದ್ದಲವಿಲ್ಲದೆ ಅಕ್ಕಪಕ್ಕ ಕೂತಿದೆ.

ಹೆಚ್ಚು ಬೆವರು ಹರಿದಿರುವುದು ಮಾತ್ರ ಬೇರೆ ಕಡೆ. ಪರದೆಯ ಮೇಲೆ ಕಾಣುವ ‘ಉಳಿಸಿ’, ‘ಹುಡುಕಿ’, ‘ಬದಲಾವಣೆಗಳು’ ಎಂಬ ಒಂದೊಂದು ಪದವನ್ನೂ ಯಾರೋ ಕೂತು ಅನುವಾದಿಸಬೇಕು. ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಸ್ಟ್ರಮ್ ಕಟ್ಟಿದ ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಈ ಕೆಲಸವನ್ನು ಸ್ವಯಂಸೇವಕರು ಮಾಡುತ್ತಾರೆ. ಇಂಗ್ಲಿಷಿನ ‘ಓಪನ್’ ಎಂಬ ಪದ ಎದುರಿಗೆ ಬಂತು ಅನ್ನಿ. ‘ತೆರೆಯಿರಿ’ ಎಂಬ ಸೂಚನೆಯೋ ‘ತೆರೆದಿದೆ’ ಎಂಬ ಮಾಹಿತಿಯೋ? ಕನ್ನಡಕ್ಕೆ ಇವೆರಡೂ ಬೇರೆ ಬೇರೆ. ಇದನ್ನು ಬಿಡಿಸಿ ಹೇಳಲೆಂದೇ ಅಲ್ಲಿ ಕ್ಯೂಕ್ಯೂಕ್ಯೂ ಎಂಬ, ಯಾರೂ ಆಡದ ಒಂದು ‘ಭಾಷೆ’ ಇದೆ. ಪದ ಎಲ್ಲಿ ಬರುತ್ತದೆ, ಏನು ಅರ್ಥ ಎಂಬ ಟಿಪ್ಪಣಿಗಳಿಗೆ ಮೀಸಲಾದ ಸಂಕೇತ ಅದು.

ವ್ಯಾಕರಣದ ಕಾಟ ಅಷ್ಟಕ್ಕೇ ಮುಗಿಯುವುದಿಲ್ಲ. ಅರಬ್ಬಿಯಲ್ಲಿ ಎಣಿಕೆಗೆ ತಕ್ಕಂತೆ ಪದ ಆರು ರೂಪ ತಾಳಬಹುದು, ಜಪಾನಿಯಲ್ಲಿ ಒಂದೇ ಸಾಕು. ಜರ್ಮನ್ನಿನಲ್ಲಿ ಏಕವಚನದ ಸಲಿಗೆಯನ್ನು ಒಪ್ಪದವರಿಗಾಗಿ ಗೌರವದ ಮಾತಿನ ಇನ್ನೊಂದು ಆವೃತ್ತಿಯೇ ಇದೆ. ಕನ್ನಡಕ್ಕೆ ವಿಭಕ್ತಿಯ ಚಿಂತೆ. ‘ಇಂಥವರ ಪುಟ’ ಎನ್ನಬೇಕಾದಾಗ ಹೆಸರು ಯಾವುದೆಂದು ಯಂತ್ರಕ್ಕೆ ಮೊದಲೇ ಗೊತ್ತಿರುವುದಿಲ್ಲ. ರವಿಯ, ರಮೇಶನ, ಸುಧಾಳ: ಒಂದೊಂದು ಹೆಸರಿಗೂ ಪ್ರತ್ಯಯ ಬೇರೆ. ಆಗ ‘ಅವರ’ ಎಂಬ ಪದ ಕೈ ಹಿಡಿಯುತ್ತದೆ. ಹೆಸರು ಏನೇ ಇರಲಿ, ಅದರ ಮುಂದೆ ‘ಅವರ’ ಎಂದು ಬರೆದರೆ ವ್ಯಾಕರಣವೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಇಂಥ ಜಾಣ್ಮೆ ಯಾವ ಕೈಪಿಡಿಯಲ್ಲೂ ಸಿಗದು, ಭಾಷೆಯೊಳಗೆ ಬದುಕಿದವರಿಗಷ್ಟೇ ಹೊಳೆಯುತ್ತದೆ.

ಎಲ್ಲ ಕಟ್ಟೆಯವರೂ ಒಟ್ಟಿಗೆ ಸೇರಿ ತೀರ್ಮಾನಿಸಬೇಕಾದ ಸಂಗತಿಗಳು ಬಂದಾಗ ಅಸಮಾನತೆ ಕಣ್ಣಿಗೆ ಹೊಡೆಯುತ್ತದೆ. ‘ನಿಮ್ಮ ಭಾಷೆಯಲ್ಲೇ ಬರೆಯಿರಿ’ ಎಂಬ ಆಹ್ವಾನ ಇರುತ್ತದೆ, ಚರ್ಚೆಯ ಹೆಚ್ಚಿನ ಭಾಗ ನಡೆಯುವುದು ಇಂಗ್ಲಿಷಿನಲ್ಲಿ. ಪ್ರಕಟಣೆ ಅನುವಾದವಾಗಿ ಕನ್ನಡಕ್ಕೋ ಸ್ವಾಹಿಲಿಗೋ ಬರುವ ಹೊತ್ತಿಗೆ ಇಂಗ್ಲಿಷ್ ಬಲ್ಲವರು ಅರ್ಧ ದಾರಿ ನಡೆದಾಗಿರುತ್ತದೆ. ತಡವಾಗಿ ಬಂದ ಅಭಿಪ್ರಾಯಕ್ಕೆ ತೂಕ ಕಡಿಮೆ. ಆದ್ದರಿಂದ ಬಹುಭಾಷಿಕ ಬಳಗ ನಡೆಸುವವರು ಮೊದಲು ಕೊಡಬೇಕಾದದ್ದು ಸಮಯ. ಇನ್ನೊಂದು, ಸರಳ ವಾಕ್ಯ. 2013ರಿಂದ ವಾರವಾರವೂ ಹೊರಡುವ ‘ಟೆಕ್ ನ್ಯೂಸ್’ ಎಂಬ ಸುದ್ದಿಪತ್ರದ ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯಗಳದ್ದು. ಅನುವಾದಕರಿಗೆ ತೊಡಕಾಗದಿರಲಿ ಎಂದೇ ಅದನ್ನು ಹಾಗೆ ಬರೆಯುತ್ತಾರೆ.

ಇಷ್ಟೆಲ್ಲದರ ನಡುವೆ ಓಡಾಡುವವರು ಎರಡು ಭಾಷೆ ಬಲ್ಲ ಸದಸ್ಯರು. ಅಲ್ಲಿಯ ಮಾತನ್ನು ಇಲ್ಲಿಗೆ ತರುತ್ತಾರೆ, ಇಲ್ಲಿಯ ತಕರಾರನ್ನು ಅಲ್ಲಿಗೆ ಮುಟ್ಟಿಸುತ್ತಾರೆ, ಎರಡೂ ಕಡೆಯವರ ಮುನಿಸನ್ನು ತಾವೇ ನುಂಗುತ್ತಾರೆ. ಲೇಖನ ಬರೆದವರ ಹೆಸರು ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಇವರು ಆಡಿದ ಸಮಾಧಾನದ ಮಾತು ಎಲ್ಲಿಯೂ ಲೆಕ್ಕಕ್ಕೆ ಸಿಗುವುದಿಲ್ಲ.

ಅಂಥವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಆಗಸ್ಟಿನ ಸ್ಕಾಟ್ಸ್ ಪ್ರಸಂಗವಿದೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ 20 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಬರೆದಿದ್ದವನು ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹುಡುಗ ಎಂಬುದು ಬಯಲಾಯಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ವಾಕ್ಯಗಳ ಪದಗಳನ್ನು ಬದಲಿಸುತ್ತ ಹೋಗಿದ್ದ. ಕೆಟ್ಟ ಉದ್ದೇಶವಿರಲಿಲ್ಲ, ವರ್ಷಗಟ್ಟಲೆ ತಡೆದು ತಿದ್ದುವವರೂ ಇರಲಿಲ್ಲ. ಕ್ರೊಯೇಶಿಯನ್ ವಿಕಿಪೀಡಿಯದ ಕತೆ ಇನ್ನೂ ಕಹಿ. ಕೆಲವೇ ನಿರ್ವಾಹಕರ ಗುಂಪೊಂದು ವರ್ಷಗಳ ಕಾಲ ಅದನ್ನು ಹಿಡಿತದಲ್ಲಿಟ್ಟುಕೊಂಡು ಇತಿಹಾಸವನ್ನು ತಿರುಚಿತು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ವಿದ್ಯಾರ್ಥಿಗಳಿಗೆ ಅದನ್ನು ಬಳಸಬೇಡಿ ಎಂದರು. ಹೊರಗಿನವರಿಗೆ ಆ ಭಾಷೆ ಓದಲು ಬರುತ್ತಿರಲಿಲ್ಲ, ಒಳಗಿನವರ ದೂರು ಹೊರಗೆ ಕೇಳಿಸುವುದು ತಡವಾಯಿತು.

ನಮ್ಮ ಭಾಷೆಗಳೂ ಇಂಥದ್ದನ್ನು ಬೇರೆ ರೂಪದಲ್ಲಿ ಕಂಡಿವೆ. 2010ರ ಆಸುಪಾಸಿನಲ್ಲಿ ಗೂಗಲ್ ಅನುವಾದಕರನ್ನು ನೇಮಿಸಿ ಭಾರತದ ಹಲವು ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ತರಿಸಿತು. ಪುಟಗಳು ಉದ್ದವಾಗಿದ್ದವು, ಓದಲು ತೊಡಕಾಗಿದ್ದವು, ಎಷ್ಟೋ ವಿಷಯಗಳು ನಮ್ಮ ಓದುಗರು ಹುಡುಕಿ ಬರುವಂಥವಲ್ಲ. ಬಂಗಾಳಿಯವರು ಅವನ್ನು ತೆಗೆದುಹಾಕಿದರು, ತಮಿಳಿನವರು ತಪ್ಪುಗಳನ್ನು ತಿದ್ದಿಕೊಡುವಂತೆ ಪಟ್ಟು ಹಿಡಿದರು. ‘ಈ ವಾಕ್ಯಕ್ಕೆ ಅರ್ಥವೇನು’ ಎಂದು ಕಟ್ಟೆಯಲ್ಲಿ ಕೇಳಿದರೆ ಉತ್ತರಿಸಲು ಬರೆದವರೇ ಅಲ್ಲಿಲ್ಲದ ಬರಹ ಅದು. ಇಂದಿನ ಅನುವಾದ ಯಂತ್ರಗಳು ಅಂದಿಗಿಂತ ಎಷ್ಟೋ ಚುರುಕು, ಆದರೆ ಆ ಪ್ರಶ್ನೆಗೆ ಉತ್ತರಿಸಲು ಈಗಲೂ ಕನ್ನಡ ಬಲ್ಲ ಮನುಷ್ಯರೇ ಬೇಕು.

ಹೊಸ ಭಾಷೆಗೆ ಬಾಗಿಲು ತೆರೆಯುವ ಮುನ್ನ ಈಗ ಕಾಯಿಸುತ್ತಾರೆ. ಪ್ರಾಯೋಗಿಕ ತಾಣದಲ್ಲಿ ಹಲವು ಜನ ತಿಂಗಳುಗಟ್ಟಲೆ ಬರೆಯಬೇಕು, ಪರದೆಯ ಮುಖ್ಯ ಪದಗಳು ಅನುವಾದವಾಗಬೇಕು, ಬರೆದದ್ದು ನಿಜಕ್ಕೂ ಅದೇ ಭಾಷೆ ಎಂದು ಬಲ್ಲವರೊಬ್ಬರು ಓದಿ ಹೇಳಬೇಕು. ತುಳು ವಿಕಿಪೀಡಿಯ 2008ರಿಂದ ಹಾಗೆ ಕಾದು 2016ರ ಆಗಸ್ಟಿನಲ್ಲಿ ಹೊರಬಂತು. ಎಂಟು ವರ್ಷ ದೀರ್ಘವೇ ಸರಿ, ಆದರೆ ಅಷ್ಟರಲ್ಲಿ ತುಳುವಿನಲ್ಲಿ ಬರೆಯುವ ಒಂದು ಗುಂಪು ಕೂಡಿಕೊಂಡಿತ್ತು.

ಅದಕ್ಕೂ ಒಂದು ವರ್ಷ ಮೊದಲು, 2015ರಲ್ಲಿ, ಕೊಂಕಣಿಯ ಸರದಿ ಬಂದಿತ್ತು. ಅಲ್ಲಿಯ ತೊಡಕು ಲಿಪಿಯದು. ಸರ್ಬಿಯನ್ನರು ಎರಡು ಲಿಪಿಯಲ್ಲಿ ಬರೆಯುತ್ತಾರೆ, ಒಂದರಲ್ಲಿ ಬರೆದದ್ದನ್ನು ಯಂತ್ರ ಇನ್ನೊಂದರಲ್ಲಿ ತೋರಿಸುತ್ತದೆ. ಕೊಂಕಣಿಗೆ ಅದು ಅಷ್ಟು ಸುಲಭವಲ್ಲ. ಗೋವಾದ ಬರವಣಿಗೆ ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿ, ಮಂಗಳೂರಿನದು ಕನ್ನಡ ಲಿಪಿಯಲ್ಲಿ. ಊರಿಂದೂರಿಗೆ, ಸಮುದಾಯದಿಂದ ಸಮುದಾಯಕ್ಕೆ ಮಾತಿನ ಧಾಟಿಯೂ ಬೇರೆ. ಅಲ್ಲಿ ಒಂದನ್ನೇ ಆರಿಸಿಕೊಂಡಿಲ್ಲ. ಮೂರೂ ಲಿಪಿಗಳ ಲೇಖನಗಳು ಒಂದೇ ಸೂರಿನಡಿ ಇವೆ, ಓದಲು ಬಂದವರು ತಮಗೆ ಬರುವ ಲಿಪಿಯಲ್ಲಿ ಓದಿಕೊಳ್ಳುತ್ತಾರೆ.